ಭಾವ ಬಂದಿಲ್ಲ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಜಂಬಣ್ಣನ ಫೋಟೋ ಸ್ಟುಡಿಯೋ ಇತ್ತು. ಇಪ್ಪತ್ತೆರಡು ವರ್ಷಗಳಿಂದ ಅವನು ಊರಿನವರನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದ ಹಿಡಿದು ತಿರುಗಿಸಿ, ಕೈಗಳನ್ನು ಮೊಣಕಾಲ ಮೇಲೆ ಇಡಿಸಿ ಫೋಟೋ ತೆಗೆಯುತ್ತಿದ್ದ. ಜನರನ್ನು ಅಲುಗಾಡದಂತೆ ಮಾಡುವುದರಲ್ಲಿ ಅವನಿಗೆ ಸಮನಾದವರು ಜಿಲ್ಲೆಯಲ್ಲೇ ಇರಲಿಲ್ಲ. ರಚ್ಚೆ ಹಿಡಿದ ಕೂಸುಗಳೂ ಅವನು ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ಒಂದು ಬೆರಳು ಎತ್ತಿದರೆ ಸೆಟೆದು ಕೂರುತ್ತಿದ್ದವು. ಹೆಂಡತಿ ವೀರಮ್ಮ ಒಳಕೋಣೆಯ ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು ಸೀಸದ ಕಡ್ಡಿಯಿಂದ ತಿದ್ದುತ್ತಿದ್ದಳು. ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು, ಹಣೆಯ ಗೆರೆ ಎಲ್ಲ ಅವಳ ಕಡ್ಡಿಯ ತುದಿಯಲ್ಲಿ ಮಾಯವಾಗುತ್ತಿದ್ದವು. ಗಂಡ ಹೆಂಡತಿ ಸೇರಿ ಊರಿನ ಅರ್ಧ ಜನಕ್ಕೆ ಅವರದಲ್ಲದ ಮುಖ ಕೊಟ್ಟಿದ್ದರು. ಎಲ್ಲರಿಗೂ ಅದರಿಂದ ತೃಪ್ತಿಯೇ ಆಗಿತ್ತು.

೧೯೬೧ರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಸಚಿತ್ರ ವಾರಪತ್ರಿಕೆಯ ಸಂಪಾದಕರಿಂದ ಜಂಬಣ್ಣನಿಗೆ ಪತ್ರ ಬಂತು. ಅವರಿಗೆ ಒಂದು ಚಿತ್ರಲೇಖನ ಬೇಕಾಗಿತ್ತು. ಸಾಮಾನ್ಯ ಮನುಷ್ಯರ ಬದುಕನ್ನು ತೋರಿಸುವ ಹನ್ನೆರಡು ಫೋಟೋ, ಒಂದೊಂದರ ಹಿಂದೆ ಒಂದೊಂದು ಸಾಲು. ಯಾರೂ ಕ್ಯಾಮೆರಾ ನೋಡಬಾರದು. ಯಾರನ್ನೂ ನಿಲ್ಲಿಸಬಾರದು, ಕೂರಿಸಬಾರದು. ನೆಗೆಟಿವನ್ನು ತಿದ್ದಲೇಬಾರದು.

ವೀರಮ್ಮ ಪತ್ರವನ್ನು ಎರಡು ಸಲ ಓದಿ, "ಅಂದ್ರೆ ನಿಮಗೂ ಕೆಲಸ ಇಲ್ಲ, ನನಗೂ ಕೆಲಸ ಇಲ್ಲ. ಮತ್ತೆ ಫೋಟೋ ಯಾರು ತೆಗೀತಾರಂತೆ?" ಎಂದಳು.

ಜಂಬಣ್ಣನಿಗೆ ಮಾತ್ರ ಅದು ಹಿಡಿಸಿಬಿಟ್ಟಿತು. ಎದೆಯ ಮುಂದೆ ತೂಗುಹಾಕಿಕೊಂಡು, ತಲೆ ಬಗ್ಗಿಸಿ ಮೇಲಿನಿಂದ ನೋಡುವಂಥ ಕ್ಯಾಮೆರಾವೊಂದನ್ನು ಸ್ನೇಹಿತನಿಂದ ಎರವಲು ತಂದ. ಒಂದು ಫಿಲ್ಮ್ ಸುರುಳಿಗೆ ಸರಿಯಾಗಿ ಹನ್ನೆರಡು ಚಿತ್ರ. ಅದನ್ನು ಹಾಕಿಕೊಂಡು ಬಜಾರಿಗೆ ಇಳಿದ.

ಬೆಲ್ಲದ ಮಂಡಿಯಲ್ಲಿ ಶಿವಮೂರ್ತಪ್ಪ ತಕ್ಕಡಿ ಹಿಡಿದಿದ್ದ. ಜಂಬಣ್ಣ ಅವನೆದುರು ನಿಂತು ಕ್ಯಾಮೆರಾದೊಳಕ್ಕೆ ನೋಡಲು ತಲೆ ಬಗ್ಗಿಸಿದ. ಜಂಬಣ್ಣನಂಥವನು ತನಗೆ ತಲೆ ಬಾಗಿದ್ದನ್ನು ಕಂಡು ಶಿವಮೂರ್ತಪ್ಪ ತಕ್ಕಡಿ ಕೆಳಗಿಟ್ಟು ಕೈ ಜೋಡಿಸಿದ. ಕೊಳ್ಳಲು ಬಂದಿದ್ದ ಮೂವರೂ ಕೈ ಜೋಡಿಸಿದರು. ಜಂಬಣ್ಣ ಗುಂಡಿ ಒತ್ತಿ ಮುಂದೆ ಹೋದ. ಸ್ಟುಡಿಯೋದಲ್ಲಾಗಿದ್ದರೆ ಕೊನೆಗೆ "ಆಯ್ತು" ಎನ್ನುತ್ತಿದ್ದ, ಇಲ್ಲಿ ಮರೆತ. ಶಿವಮೂರ್ತಪ್ಪ ಅರ್ಧ ಗಂಟೆ ಹಾಗೆಯೇ ನಿಂತಿದ್ದನಂತೆ. ಯಾರೋ ಓಡಿಬಂದು ಹೇಳಿದ ಮೇಲೆ ಜಂಬಣ್ಣ ವಾಪಸ್ಸು ಹೋಗಿ "ಆಯ್ತು" ಎನ್ನಬೇಕಾಯಿತು.

ಹದಿನೈದು ದಿನಗಳ ನಂತರ ಸಂಪಾದಕರು ಹನ್ನೆರಡೂ ಚಿತ್ರಗಳನ್ನು ಹಿಂದಿರುಗಿಸಿದರು. "ನಿಮ್ಮ ಊರಿನಲ್ಲಿ ಜನರು ಎಲ್ಲ ಹೊತ್ತಿನಲ್ಲೂ ನಮಸ್ಕಾರ ಮಾಡುತ್ತಲೇ ಇರುತ್ತಾರೆಯೇ? ನಿಮ್ಮನ್ನು ಅಷ್ಟಾಗಿ ಅರಿಯದ ಕಡೆ ಹೋಗಿ. ಒಂದೇ ಮನೆಯಲ್ಲಿ ಒಂದು ವಾರ ಇರಿ. ನೀವು ಅಲ್ಲಿ ಇಲ್ಲವೆಂದೇ ಭಾವಿಸಲು ಅವರಿಗೆ ಹೇಳಿ" ಎಂದು ಬರೆದಿದ್ದರು. ಈ ಪತ್ರವನ್ನು ಜಂಬಣ್ಣ ಹೆಂಡತಿಗೆ ತೋರಿಸಲಿಲ್ಲ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ವೀರಮ್ಮನ ಅಣ್ಣ ಉಜ್ಜನಪ್ಪನ ಖಾನಾವಳಿ ಇತ್ತು. ಕಾರ್ಖಾನೆಗಳ ಪಾಳಿ ಮುಗಿಸಿ ಬಂದವರು, ಸಂತೆಗೆ ಬಂದವರು ಎಲ್ಲ ಅಲ್ಲಿ ರೊಟ್ಟಿ ತಿನ್ನುತ್ತಿದ್ದರು. ಉಜ್ಜನಪ್ಪ ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಮಾತು ಕೊಟ್ಟರೆ ತಪ್ಪುವವನಲ್ಲ ಎಂಬುದು ಅವನಿಗಿದ್ದ ಒಂದೇ ಹೆಮ್ಮೆ. ಸೋಮವಾರ ಬೆಳಗಿನ ರೈಲಿಗೆ ಜಂಬಣ್ಣ ಅಲ್ಲಿಗೆ ಹೋಗಿ ಎಲ್ಲವನ್ನೂ ವಿವರಿಸಿದ. ಉಜ್ಜನಪ್ಪ ಗಮನವಿಟ್ಟು ಕೇಳಿದ.

"ಅಂದ್ರೆ ಭಾವ, ನೀವು ಇಲ್ಲಿ ಇರ್ತೀರಿ. ಆದ್ರೆ ಇಲ್ಲ."

"ಹೂಂ ಭಾವ. ನಾನು ಇಲ್ಲ ಅಂತ್ಲೇ ತಿಳ್ಕೊಳ್ಳಿ."

"ಎಲ್ಲಿವರೆಗೆ?"

"ಶನಿವಾರ ಕಳೆಯೋವರೆಗೆ."

"ಮಾತು ಕೊಟ್ಟೆ" ಎಂದು ಉಜ್ಜನಪ್ಪ ಎದ್ದ. ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿ ಬಸವರಾಜೇಶ್ವರಿಗೆ ಕೂಗಿ ಹೇಳಿದ: "ಏ, ಒಂದು ತಟ್ಟೆ ಕಮ್ಮಿ ಹಾಕೇ. ಭಾವ ಬಂದಿಲ್ಲ."

ಜಂಬಣ್ಣ ನಕ್ಕ. ಯಾರೂ ನಗಲಿಲ್ಲ. ಮಧ್ಯಾಹ್ನ ಎಲ್ಲರಿಗೂ ರೊಟ್ಟಿ, ಎಣ್ಣೆಗಾಯಿ ಬಂತು. ಅವನ ಮುಂದೆ ತಟ್ಟೆ ಬರಲಿಲ್ಲ. "ಅಕ್ಕಾ, ಊಟದ ಹೊತ್ತಲ್ಲಿ ನಾನು ಇದ್ರೂ ನಡೀತದೆ" ಎಂದ. ಬಸವರಾಜೇಶ್ವರಿ ಅವನ ಭುಜದ ಮೇಲಿನಿಂದ ಕೈ ಚಾಚಿ ಪಕ್ಕದವನಿಗೆ ಚಟ್ನಿ ಬಡಿಸಿ ಹೋದಳು. ಮದ್ರಾಸ್ ಕಡೆಯ ಒಬ್ಬ ಭಾರೀ ಮೈಯ ಮೇಸ್ತ್ರಿ ದಿನವೂ ಅಲ್ಲಿಗೆ ಊಟಕ್ಕೆ ಬರುತ್ತಿದ್ದ. ಅವನಿಗೂ ವಿಷಯ ತಿಳಿಸಲಾಗಿತ್ತು. ಅವನು ಬಂದವನೇ ನೇರವಾಗಿ ಜಂಬಣ್ಣನ ತೊಡೆಯ ಮೇಲೆ ಕುಳಿತು, "ಇವತ್ತು ಬೆಂಚು ಮೆತ್ತಗಿದೆಯಪ್ಪಾ" ಎಂದ.

ಸಂಜೆಯೊಳಗೆ ಸುದ್ದಿ ಓಲ್ಡ್ ಟೌನಿಗೆಲ್ಲ ಹಬ್ಬಿತು. ಬೆಂಗಳೂರಿನ ಪತ್ರಿಕೆಯಲ್ಲಿ ಊರಿನ ಹೆಸರು ಬರುತ್ತದೆ, ಉಜ್ಜನಪ್ಪನ ಭಾವ ಇಲ್ಲವೆಂದು ನಡೆದುಕೊಳ್ಳಬೇಕು ಎಂದಷ್ಟೇ ಜನರಿಗೆ ಗೊತ್ತು. ಅಷ್ಟನ್ನು ಅವರು ಬಹಳ ಶ್ರದ್ಧೆಯಿಂದ ಮಾಡಿದರು. ಕ್ಷೌರದವನು ಜಂಬಣ್ಣನ ನಂತರ ಬಂದ ಐವರಿಗೆ ಗಡ್ಡ ತೆಗೆದು ಅಂಗಡಿ ಮುಚ್ಚಿದ. ಬಾಳೆಹಣ್ಣಿನ ಮುದುಕಿ ಅವನು ಹಣ್ಣು ಕಿತ್ತುಕೊಳ್ಳುವುದನ್ನು ನೋಡಿ ಗಾಳಿಗೆ ಬೈದಳು. ಎದುರಿಗೆ ಸಿಕ್ಕಿದವರು ಕತ್ತು ತಿರುಗಿಸಿ, ಆಕಾಶ ನೋಡುತ್ತ ಹೋಗಿ ಚರಂಡಿಗೆ ಕಾಲಿಟ್ಟರು. ಎರಡು ಹೊತ್ತು ಹಸಿದ ಜಂಬಣ್ಣ ಮರುದಿನ ನ್ಯೂ ಟೌನಿನವರೆಗೆ ನಡೆದುಕೊಂಡು ಹೋದ. ಅಲ್ಲಿ ಹೋಟೆಲಿನ ಮಾಣಿ ಟೇಬಲ್ ಒರೆಸುತ್ತ "ಏನ್ ಕೊಡ್ಲಿ ಸಾರ್?" ಎಂದಾಗ ತಿಂಡಿ, ಕಾಫಿ ಹೇಳಿದ. ಬೇಡದಿದ್ದರೂ ಎರಡನೇ ಸಲ ಕಾಫಿ ತರಿಸಿದ, ಮತ್ತೊಮ್ಮೆ ಕೇಳಿಸಿಕೊಳ್ಳಲಿಕ್ಕೆ.

ಇಷ್ಟಾದರೂ ಫೋಟೋ ಬರುತ್ತಿರಲಿಲ್ಲ. ಅವನು ಇಲ್ಲವೆಂದು ತೋರಿಸುವುದರಲ್ಲೇ ಎಲ್ಲರೂ ಮಗ್ನರಾಗಿದ್ದರು. ಖಾನಾವಳಿಯ ಬೆಂಚಿನ ಮೇಲೆ ಹತ್ತು ಜನ, ಹತ್ತೂ ಜನ ಒಂದೇ ಕಡೆಯ ಗೋಡೆಯನ್ನು ನೋಡುತ್ತ ತುತ್ತು ಬಾಯಿಗಿಡುತ್ತಿದ್ದರು. ಮಂಗಳವಾರ ಉಜ್ಜನಪ್ಪ ರೇಷ್ಮೆ ಅಂಚಿನ ಪಂಚೆ ಉಟ್ಟು, ಹಣೆತುಂಬ ವಿಭೂತಿ ಧರಿಸಿ ಒಲೆಯ ಮುಂದೆ ನಿಂತಿದ್ದ. ಊಟಕ್ಕೆ ಹೋಳಿಗೆ.

"ಭಾವ, ದಿನಾ ನೀವು ಹೋಳಿಗೆ ಮಾಡ್ತೀರಾ? ಈ ಪಂಚೆ ಉಟ್ಕೊಂಡು ಬೂದಿ ತೆಗೀತೀರಾ? ಇದು ನಿಜ ಅಲ್ಲ ಮಾರಾಯ್ರೇ!" ಎಂದು ಜಂಬಣ್ಣ ಕೂಗಾಡಿದ. ಉಜ್ಜನಪ್ಪ ನಿರ್ಮಲ ಮುಖದಿಂದ ಹೋಳಿಗೆ ಮಗುಚಿದ.

ಇಲ್ಲದವನು ಹೇಳುವುದು ಹೇಗೆ? ಜಂಬಣ್ಣ ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ಕೊಂಡು ಬರೆದ: "ಪ್ರೀತಿಯ ಭಾವನವರಿಗೆ, ದಯವಿಟ್ಟು ಹೋಳಿಗೆ ನಿಲ್ಲಿಸಿ. ಹಳೇ ಪಂಚೆ ಉಡಿ. ನಾನಿಲ್ಲದಿದ್ದಾಗ ಹೇಗಿರುತ್ತೀರೋ ಹಾಗೆಯೇ ಇರಿ." ಬುಧವಾರ ಪೋಸ್ಟ್‌ಮ್ಯಾನ್ ಮಂಜಪ್ಪ ಅದನ್ನು ತಂದು, ಕನ್ನಡಕವಿಲ್ಲದ ಉಜ್ಜನಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದ. ಜಂಬಣ್ಣ ಎರಡು ಮಾರು ದೂರದಲ್ಲಿ ಸೌದೆ ರಾಶಿಯ ಮೇಲೆ ಕುಳಿತು ತಲೆ ಆಡಿಸಿದ.

"ಭಾವ ಬರ್ದಿದ್ದಾರೆ, ಶಿವಮೊಗ್ಗದಿಂದ" ಎಂದ ಉಜ್ಜನಪ್ಪ.

"ಮುದ್ರೆ ನಮ್ಮೂರಿಂದೇ ಇದೆ" ಎಂದ ಮಂಜಪ್ಪ.

"ಮುದ್ರೆಗೇನು ಗೊತ್ತು? ಒಂದು ಜವಾಬು ಬರಿ ಮಾರಾಯ. ಶಿವಮೊಗ್ಗದ ವಿಳಾಸಕ್ಕೆ."

ಕಾಗದ ಬಂದ ಮೇಲೆ ಹೋಳಿಗೆ ನಿಂತಿತು, ಹಳೇ ಪಂಚೆ ಬಂತು. ಗುರುವಾರದ ಹೊತ್ತಿಗೆ ಇನ್ನೊಂದೂ ಆಯಿತು. ಜನರಿಗೆ ಜಂಬಣ್ಣ ಇಲ್ಲವೆಂದು ನಟಿಸಿ ನಟಿಸಿ ಬೇಸರ ಬಂದು, ಅವನನ್ನು ನಿಜವಾಗಿಯೇ ಮರೆತುಬಿಟ್ಟರು. ಮೇಸ್ತ್ರಿ ಅವನ ಪಕ್ಕದ ಜಾಗದಲ್ಲೇ, ಸುಮ್ಮನೆ ತನ್ನ ಪಾಡಿಗೆ ಕುಳಿತು ಬಾಯಲ್ಲಿ ತುತ್ತು ಇಟ್ಟುಕೊಂಡೇ ನಿದ್ದೆ ಹೋದ. ಉಜ್ಜನಪ್ಪ ಸೌಟಿನ ಹಿಡಿಯಿಂದ ಬೆನ್ನು ಕೆರೆದುಕೊಂಡ. ಬಸವರಾಜೇಶ್ವರಿ ಹಿಟ್ಟು ತಟ್ಟುತ್ತ ರೊಟ್ಟಿಯ ಜೊತೆ ಮಾತಾಡಿದಳು: "ಹರೀಬೇಡ ಕಣೇ, ಇನ್ನೊಂದು ಸುತ್ತು, ಅಷ್ಟೇ."

ಜಂಬಣ್ಣನೂ ಕಲಿತ. ತಲೆ ಬಗ್ಗಿಸುವುದನ್ನು ಬಿಟ್ಟ. ಕ್ಯಾಮೆರಾವನ್ನು ಸೌದೆ ರಾಶಿಯ ಮೇಲಿಟ್ಟು, ಒಲೆಗಿರುವ ದೂರವನ್ನು ಹೆಜ್ಜೆಯಲ್ಲಿ ಅಳೆದು ಮೊದಲೇ ಹೊಂದಿಸಿ, ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದ. ಮಾಡಿನಲ್ಲಿ ಒಂದು ಗಾಜಿನ ಹಂಚು ಇತ್ತು. ಅದರಿಂದ ಬಿದ್ದ ಬಿಸಿಲು ಹನ್ನೊಂದು ಗಂಟೆಗೆ ಒಲೆಯ ಮುಂದೆ, ಊಟದ ಹೊತ್ತಿಗೆ ಹಿಟ್ಟಿನ ಡಬ್ಬಿಯ ಮೇಲೆ ಬರುತ್ತಿತ್ತು. ಮನುಷ್ಯರನ್ನು ಬೆಳಕಿಗೆ ತಿರುಗಿಸುತ್ತ ಬಂದವನು ಈಗ ಅವರು ತಾವಾಗಿ ಬೆಳಕಿಗೆ ಬರುವವರೆಗೆ ಕಾಯಬೇಕಾಗಿತ್ತು. ಗುರುವಾರ ಒಟ್ಟು ಐದು ಸಲ ಗುಂಡಿ ಒತ್ತಿದ.

ಅದೇ ದಿನ ಶಿವಮೊಗ್ಗದಲ್ಲಿ ವೀರಮ್ಮನ ಕೈಗೆ ಕಾರ್ಡು ಸೇರಿತು. "ಭಾವನವರಿಗೆ ಉಜ್ಜನಪ್ಪನ ಶರಣು. ನಿಮ್ಮ ಕಾಗದ ತಲುಪಿತು. ಹೋಳಿಗೆ ನಿಲ್ಲಿಸಿದ್ದೇವೆ. ನೀವು ಇಲ್ಲಿಗೆ ಬಾರದೆ ಬಹಳ ದಿನವಾಯಿತು. ಒಮ್ಮೆ ಬಂದು ಹೋಗಿ."

ಸೋಮವಾರ ಹೊರಟ ಗಂಡ ಅಣ್ಣನ ಮನೆ ಸೇರಿಲ್ಲ! ವೀರಮ್ಮ ಶುಕ್ರವಾರದ ಮೊದಲ ರೈಲು ಹಿಡಿದಳು. ದಾರಿಯುದ್ದಕ್ಕೂ ಕಿಟಕಿಯಿಂದ ಹಳಿಯ ಪಕ್ಕದ ಪೊದೆಗಳನ್ನೇ ನೋಡುತ್ತ ಬಂದಳು. ಕಣ್ಣು ಊದಿಸಿಕೊಂಡು ಖಾನಾವಳಿಯ ಬಾಗಿಲಿಗೆ ಬಂದಾಗ ಊಟದ ಹೊತ್ತು, ಬೆಂಚು ತುಂಬಿತ್ತು.

"ಅಣ್ಣಾ, ಇವರು ಬಂದ್ರಾ?"

ಉಜ್ಜನಪ್ಪನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ತಂಗಿಯ ಮುಖ ನೋಡಿದ. ಸೌದೆ ರಾಶಿಯ ಕಡೆ ನೋಡಲಿಲ್ಲ. "ಬಂದಿಲ್ಲವ್ವ" ಎಂದ.

ವೀರಮ್ಮ ಗೋಡೆಗೆ ಒರಗಿದಳು. ಒರಗಿದವಳ ಕಣ್ಣಿಗೆ ಮೂಲೆಯಲ್ಲಿ ಕುಳಿತಿದ್ದ ಗಂಡ ಬಿದ್ದ. ಗಡ್ಡ ಬೆಳೆದಿತ್ತು, ಆದರೆ ಅವನೇ.

"ಇಲ್ಲೇ ಕೂತಿದ್ದಾರಲ್ಲಣ್ಣ!"

"ಯಾರು?"

"ನನ್ನ ಗಂಡ! ಅಲ್ಲಿ!"

"ಅಲ್ಲಿ ಸೌದೆ ಇದೆ ವೀರಾ" ಎಂದ ಉಜ್ಜನಪ್ಪ ಬೆವರುತ್ತ. ಮೇಸ್ತ್ರಿ ತಲೆ ಅಲ್ಲಾಡಿಸಿ ಸಾಕ್ಷಿ ಹೇಳಿದ: "ಸೌದೆ ತಾನ್ ಅಮ್ಮಾ."

ವೀರಮ್ಮನ ದುಃಖ ಸಿಟ್ಟಿಗೆ ತಿರುಗಿತು. ಇಷ್ಟು ವರ್ಷ ಒಳಗಿಟ್ಟುಕೊಂಡದ್ದು ಆ ಹೊತ್ತಿನಲ್ಲಿ ಹೊರಬಿತ್ತು. "ನೀನು ಯಾವಾಗ್ಲೂ ಹಿಂಗೇ. ಅವ್ವಂಗೆ ಹುಷಾರಿಲ್ಲ ಅಂತ ಕೇಳಿ ನಾನು ಕಾಗದದ ಮೇಲೆ ಕಾಗದ ಬರೆದೆ. ಏನೂ ಇಲ್ಲ, ಸಣ್ಣ ಜ್ವರ ಅಂತ ಬರೆದೆ ನೀನು. ನಾನು ಬರೋ ಹೊತ್ತಿಗೆ ಮಣ್ಣು ಮಾಡಿ ಕೈ ತೊಳ್ಕೊಂಡಿದ್ರಿ!"

"ತಂಗಿಗೆ ತಿಳಿಸಬೇಡ, ಬಸುರಿ ಹೆಂಗಸು ಗಾಬರಿಯಾಗ್ತಾಳೆ ಅಂತ ಅವ್ವನೇ ಮಾತು ತಗೊಂಡಿದ್ಲು ಕಣವ್ವ."

"ನಿನ್ನ ಮಾತು ಒಂದು! ಅದನ್ನ ಉಳಿಸ್ಕೊಂಡೆ. ನನಗೆ ಅವ್ವನ ಮುಖ ಉಳೀಲಿಲ್ಲ."

ಹೆಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಬಸವರಾಜೇಶ್ವರಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಉಜ್ಜನಪ್ಪ ಹಿಟ್ಟಿನ ಡಬ್ಬಿಯ ಮೇಲೆ ಕುಳಿತ. ಗಾಜಿನ ಹಂಚಿನ ಬಿಸಿಲು ಅವನ ತಲೆಯ ಮೇಲೆ, ಮೂಗು ಕೆಂಪಾದ ವೀರಮ್ಮನ ಮುಖದ ಮೇಲೆ ಒಟ್ಟಿಗೇ ಬಿದ್ದಿತ್ತು. ಜಂಬಣ್ಣ ಎದ್ದು ಹೋಗಿ ಅವಳ ಕೈ ಹಿಡಿಯಬೇಕು ಎಂದುಕೊಂಡ. ಎದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೋ ಏನೋ. ಅವನು ಏಳಲಿಲ್ಲ, ಗುಂಡಿ ಒತ್ತಿದ.

ಆ ಸಣ್ಣ ಸದ್ದು ವೀರಮ್ಮನಿಗೆ ಕೇಳಿಸಿತು. ಗಂಡ ಸುರುಳಿಯನ್ನು ಮುಂದಕ್ಕೆ ತಿರುಗಿಸುವುದನ್ನು ಕಣ್ಣಾರೆ ಕಂಡಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀನು ಹೇಳಿದ್ದು ನಿಜ ಅಣ್ಣ. ಅಲ್ಲಿ ಯಾರೂ ಇಲ್ಲ" ಎಂದಳು. ಕರಕಾದ ರೊಟ್ಟಿ ತೆಗೆದು ಬಿಸಾಡಿ, ಅತ್ತಿಗೆಯ ಪಕ್ಕದಲ್ಲಿ ಹಿಟ್ಟು ತಟ್ಟಲು ಕುಳಿತಳು.

ಶನಿವಾರ ಪೂರ್ತಿ ಜಂಬಣ್ಣ ಹೆಂಡತಿಯನ್ನು ನೋಡಿದ. ಅಣ್ಣನಿಗೆ ಬಡಿಸಿದಳು, ಬೆಳಿಗ್ಗೆ ಮುಖಕ್ಕೆ ಮುಖ ಕೊಡದ ಅಣ್ಣ ತಂಗಿ ಸಂಜೆಯ ಹೊತ್ತಿಗೆ ಒಂದೇ ತಟ್ಟೆಯಿಂದ ಮಂಡಕ್ಕಿ ತಿಂದರು. ಅತ್ತಿಗೆಯ ಜೊತೆ ಏನನ್ನೋ ನೆನೆಸಿಕೊಂಡು ಅವಳು ಹೊಟ್ಟೆ ಹಿಡಿದು ನಕ್ಕಳು. ಮನೆಯಲ್ಲಿ ನಗುವಾಗ ಬಾಯಿಗೆ ಅಡ್ಡ ಹಿಡಿಯುವ ಸೆರಗು ಇಲ್ಲಿರಲಿಲ್ಲ. ಅವಳಿಗೆ ಕೆಳದವಡೆಯಲ್ಲಿ ಒಂದು ಹಲ್ಲು ಇಲ್ಲವೆಂಬುದು ಅವನಿಗೆ ಗೊತ್ತಾದದ್ದು ಆಗ. ಯಾವಾಗ ಬಿತ್ತು ಎಂದು ಕೇಳುವ ಹಾಗಿರಲಿಲ್ಲ. ಉಳಿದ ಚಿತ್ರಗಳನ್ನು ಅವನು ಅಂದೇ ಮುಗಿಸಿದ. ಮುಗಿದ ಮೇಲೂ ಅಲ್ಲೇ ಕುಳಿತಿದ್ದ.

ಭಾನುವಾರ ಬೆಳಿಗ್ಗೆ ಉಜ್ಜನಪ್ಪ ತಂಬಿಗೆಯಲ್ಲಿ ಕಾಲಿಗೆ ನೀರು ಹಿಡಿದು ಬಾಗಿಲಿಗೆ ಬಂದ. "ಬನ್ನಿ ಭಾವ! ಯಾವ ರೈಲಿಗೆ ಬಂದ್ರಿ? ಎಷ್ಟು ಸೊರಗಿದೀರಿ!" ಎಂದು ಅಪ್ಪಿಕೊಂಡ. ಬಸವರಾಜೇಶ್ವರಿ ಆರು ದಿನದ್ದನ್ನು ಒಂದೇ ಹೊತ್ತಿಗೆ ಬಡಿಸಿದಳು. ಬೀದಿಯವರೆಲ್ಲ ಬಂದು ಕ್ಷೇಮ ವಿಚಾರಿಸಿದರು. ವೀರಮ್ಮ ಮಾತ್ರ ರೈಲಿನಲ್ಲಿ ಬೇರೆ ಬೆಂಚಿನಲ್ಲಿ ಕುಳಿತಳು.

ಮನೆಗೆ ಬಂದು ಜಂಬಣ್ಣ ಪ್ರಿಂಟು ಹಾಕಿದ. ಶುಕ್ರವಾರದ ಚಿತ್ರವನ್ನು ಒದ್ದೆಯಲ್ಲೇ ತಂದು ವೀರಮ್ಮನ ಮುಂದಿಟ್ಟ. "ನೆಗೆಟಿವ್ ತಿದ್ದಬಾರದು ಅಂದಿದ್ದಾರೆ. ಆದ್ರೂ ನಿನ್ನ ಮುಖ ನಿಂದು. ಬೇಡ ಅಂದ್ರೆ ಇದನ್ನ ಕಳಿಸೋದಿಲ್ಲ. ಹರಿದು ಹಾಕ್ತೀನಿ."

ಅವಳು ಬಹಳ ಹೊತ್ತು ನೋಡಿದಳು. ಸೀಸದ ಕಡ್ಡಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಮೂರು ದಿನದ ಮೇಲೆ ಮೊದಲ ಮಾತಾಡಿದಳು. "ಅಣ್ಣನ್ನ ನೋಡಿ ಹೆಂಗೆ ಕೂತಿದ್ದಾನೆ. ಅವ್ವ ಹೋದ ದಿನಾನೂ ಹಿಂಗೇ ಕೂತಿದ್ನೋ ಏನೋ. ನಾನಂತೂ ನೋಡಿರಲಿಲ್ಲ." ಚಿತ್ರವನ್ನು ಅವನ ಕಡೆ ಸರಿಸಿ, "ಕಳಿಸಿ. ಆದ್ರೆ ಇನ್ನೊಂದ್ಸಲ ನಾನು ಅಳುವಾಗ ಮೊದಲು ನನ್ನ ಹತ್ರ ಬನ್ನಿ. ಫೋಟೋ ಆಮೇಲೆ" ಎಂದಳು.

"ಆಮೇಲೆ ಅಂದ್ರೆ ಅಳು ನಿಂತಿರ್ತದಲ್ಲೇ" ಎಂದ ಜಂಬಣ್ಣ. ಅಂದದ್ದು ತಪ್ಪಾಯಿತೆಂದು ತಿಳಿದು ಒದ್ದೆ ಚಿತ್ರವನ್ನು ಒಣಗಹಾಕಲು ಎತ್ತಿಕೊಂಡ.

ಅವನು ಹನ್ನೆರಡು ಚಿತ್ರಗಳ ಹಿಂದೆಯೂ ಕಂಡದ್ದನ್ನು ಕಂಡ ಹಾಗೆ ಬರೆದ. ಒಂಬತ್ತನೆಯದರ ಹಿಂದೆ, "ಗಂಡ ಬಂದಿಲ್ಲವೆಂದು ಅಣ್ಣ ಹೇಳಿದಾಗ ತಂಗಿ" ಎಂದು ಬರೆದಿದ್ದ. ಅದೂ ಸುಳ್ಳಲ್ಲ. ಮುಂದಿನ ತಿಂಗಳು ಪತ್ರಿಕೆ ಬಂತು. ನಾಲ್ಕು ಪುಟ. ದಪ್ಪ ಅಕ್ಷರದ ತಲೆಬರಹ: "ಕಾಣೆಯಾದ ಗಂಡನ ಹಾದಿ ಕಾಯುತ್ತ." ಕೊನೆಯ ಚಿತ್ರದ ಕೆಳಗೆ ಸಂಪಾದಕರು ತಾವೇ ಒಂದು ಸಾಲು ಸೇರಿಸಿದ್ದರು: "ಈ ನತದೃಷ್ಟ ಸೋದರಿಯ ಪತಿ ಇಂದಿಗೂ ಪತ್ತೆಯಾಗಿಲ್ಲ." ಅದರ ಕೆಳಗೆ ಸಣ್ಣಕ್ಷರದಲ್ಲಿ: "ಚಿತ್ರಗಳು: ಜಂಬಣ್ಣ, ಶಿವಮೊಗ್ಗ."

ವಾರದೊಳಗೆ ಕಾಗದಗಳು ಬರತೊಡಗಿದವು. ದಾವಣಗೆರೆಯ ಒಬ್ಬರು ವೀರಮ್ಮನ ಗಂಡನನ್ನು ಹತ್ತಿಯ ಗಿರಣಿಯ ಬಳಿ ನೋಡಿದ್ದರು. ಇನ್ನೊಬ್ಬರು ಅವನು ಸನ್ಯಾಸಿಯಾಗಿ ಉಳವಿಯಲ್ಲಿದ್ದಾನೆಂದು ಬರೆದಿದ್ದರು. ಪಕ್ಕದ ಮನೆಯ ಮಹಾಂತಮ್ಮ ಸಮಾಧಾನ ಹೇಳಲು ಬಂದಳು. ಜಂಬಣ್ಣ ತಂದುಕೊಟ್ಟ ಕಾಫಿಯನ್ನು ಅವನ ಕೈಯಿಂದಲೇ ತೆಗೆದುಕೊಂಡು, "ಹೆಂಗೆ ಕಾಲ ಕಳೀತೀಯೇ ವೀರಾ ಒಬ್ಬಳೇ" ಎಂದು ಕಣ್ಣೊರೆಸಿಕೊಂಡಳು.

"ನಾನು ಇಲ್ಲೇ ಇದ್ದೀನಲ್ಲ ಮಹಾಂತಕ್ಕ" ಎಂದ ಜಂಬಣ್ಣ.

"ಇದ್ದೀರಿ, ಇಲ್ಲ ಅನ್ನಲಿಲ್ಲ. ಆದ್ರೆ ಪೇಪರಲ್ಲಿ ಬಂದುಬಿಟ್ಟಿದೆಯಲ್ಲಪ್ಪ."

ಕೊನೆಗೆ ಪೊಲೀಸ್ ಪೇದೆ ಕರಿಯಪ್ಪ ಸೈಕಲ್ ಒರಗಿಸಿ ಮೆಟ್ಟಿಲು ಹತ್ತಿ ಬಂದ. ಓದುಗರ ಅರ್ಜಿಗಳು ಬಂದಿದ್ದವು. ವ್ಯಕ್ತಿ ಸಿಕ್ಕಿದ್ದರೆ ಹಾಗೆಂದು ಬರೆದು, ಗುರುತಿಗೆ ಒಂದು ಫೋಟೋ ಅಂಟಿಸಿ ಕಡತ ಮುಗಿಸಬೇಕಾಗಿತ್ತು. "ನಿಮ್ಮದೊಂದು ಫೋಟೋ ಕೊಡಿ" ಎಂದ.

ಗಂಡ ಹೆಂಡತಿ ಪೆಟ್ಟಿಗೆಗಳನ್ನೆಲ್ಲ ಹುಡುಕಿದರು. ಶಿವಮೊಗ್ಗದ ಮೂರು ತಲೆಮಾರು ಅಲ್ಲಿತ್ತು. ಜಂಬಣ್ಣ ಒಂದರಲ್ಲೂ ಇರಲಿಲ್ಲ. ಮದುವೆಯ ಫೋಟೋವನ್ನೂ ಅವನೇ ತೆಗೆದಿದ್ದ. ವೀರಮ್ಮನ ಪಕ್ಕದ ಕುರ್ಚಿ ಖಾಲಿಯಾಗಿತ್ತು.

"ಎದುರಿಗೇ ನಿಂತಿದ್ದೀನಲ್ಲ ಸ್ವಾಮಿ. ನನ್ನ ಮುಖ ಇಲ್ಲಿದೆ, ಅದರ ಫೋಟೋ ಯಾಕೆ?" ಎಂದು ಜಂಬಣ್ಣ ಬೆರಳೆತ್ತಿ ವಾದಿಸತೊಡಗಿದ. "ನಿಮ್ಮನ್ನೇ ಕಡತಕ್ಕೆ ಅಂಟಿಸೋಕಾಗಲ್ಲ ಸಾರ್" ಎಂದ ಕರಿಯಪ್ಪ. ಮಾತು ಜೋರಾಯಿತು. ಅಷ್ಟರಲ್ಲಿ ವೀರಮ್ಮ ಎರವಲು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಅದರೊಳಕ್ಕೆ ಒಮ್ಮೆ ಇಣುಕಿ ಸುಮ್ಮನೆ ಗುಂಡಿ ಒತ್ತಿದಳು.

ಮರುದಿನ ಕರಿಯಪ್ಪ ಬಂದಾಗ ಪ್ರಿಂಟು ಸಿದ್ಧವಿತ್ತು. ಬಾಯಿ ತೆರೆದ, ಕಾಲರಿನ ಗುಂಡಿ ಕಿತ್ತ, ಒಂದು ಕಣ್ಣು ದೊಡ್ಡದಾದ, ಬೆರಳೆತ್ತಿ ನಿಂತ ನಡುವಯಸ್ಸಿನ ಮನುಷ್ಯ. ಜಂಬಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಇದು ನಾನಲ್ಲ" ಎಂದ.

ಕರಿಯಪ್ಪ ಪೆನ್ನಿನ ಮುಚ್ಚಳ ತೆಗೆದ. "ಹಾಗಾದ್ರೆ ಇನ್ನೂ ಸಿಕ್ಕಿಲ್ಲ ಅಂತ ಬರೀಲಾ?"

ಜಂಬಣ್ಣ ಹೆಂಡತಿಯ ಕಡೆ ನೋಡಿದ. ವೀರಮ್ಮ ನಗುತ್ತಿದ್ದಳು, ಬಾಯಿಗೆ ಸೆರಗು ಅಡ್ಡ ಹಿಡಿಯದೆ.

"ಬೇಡ ಬೇಡ" ಎಂದ ಅವನು, "ಸಿಕ್ಕಿದ್ದಾನೆ ಅಂತ ಬರೀರಿ."